ಗ್ಯಾಟ್ ಓದಲಾ, ಡಬ್ಲ್ಯೂಟಿಒ ಓದಲಾ?

ಸೆಮಿನಾರಿಗೆ ಗ್ಯಾಟ್ (ಸುಂಕ ಮತ್ತು ವ್ಯಾಪಾರದ ಸಾಮಾನ್ಯ ಒಪ್ಪಂದ), ಡಬ್ಲ್ಯೂಟಿಒ (ವಿಶ್ವ ವ್ಯಾಪಾರ ಸಂಸ್ಥೆ) ಇವೆರಡರಲ್ಲಿ ಒಂದನ್ನು ಆರಿಸಬೇಕಾದವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಗ್ಯಾಟ್ ಚಿಕ್ಕದು, ಬೇಗ ಕೈಗೆ ಸಿಗುತ್ತದೆ. 1947ರಲ್ಲಿ ಜಿನೀವಾದಲ್ಲಿ 23 ದೇಶಗಳು ಮಾಡಿಕೊಂಡ ಒಪ್ಪಂದ ಅದು. ಭಾರತವೂ ಅದರಲ್ಲಿತ್ತು. ಮುಖ್ಯ ವಿಷಯ ಸರಕು ಮತ್ತು ಸುಂಕ, ಅಷ್ಟೇ. ತಾತ್ಕಾಲಿಕ ಅಂತ ಶುರುವಾಗಿ 47 ವರ್ಷ ನಡೆಯಿತು!

1995ರ ಜನವರಿ 1ರಂದು ಬಂದ ಡಬ್ಲ್ಯೂಟಿಒ ಹರವು ಜಾಸ್ತಿ. ಸೇವೆ, ಪೇಟೆಂಟ್, ಕೃಷಿ ಸಬ್ಸಿಡಿ ಎಲ್ಲಾ ಒಳಗೆ ಬಂದವು. ನಮ್ಮ ಹೊಲಕ್ಕೆ ಇದು ಹತ್ತಿರದ ವಿಷಯ. ಇದಕ್ಕೆ ದಾರಿ ಮಾಡಿದ ಡಂಕೆಲ್ ಕರಡಿನ (ಆಗಿನ ಗ್ಯಾಟ್ ಮುಖ್ಯಸ್ಥ ಡಂಕೆಲ್ ಮುಂದಿಟ್ಟ ಒಪ್ಪಂದದ ಕರಡು) ವಿರುದ್ಧ ಎಂ.ಡಿ. ನಂಜುಂಡಸ್ವಾಮಿ ಮತ್ತು ರೈತ ಸಂಘ ಬೀದಿಗಿಳಿದಿದ್ದು ನೆನಪಿರಬೇಕು, ಅಲ್ವಾ?

ನಿಜವಾದ ವ್ಯತ್ಯಾಸ ಇರುವುದು ಜಗಳ ಬಿಡಿಸುವ ರೀತಿಯಲ್ಲಿ. ಗ್ಯಾಟ್‌ನಲ್ಲಿ ತೀರ್ಪು ಜಾರಿಯಾಗಲು ಎಲ್ಲರೂ ಒಪ್ಪಬೇಕಿತ್ತು. ಸೋತ ದೇಶವೇ ಅದನ್ನು ತಡೆಯಬಹುದಿತ್ತು. ಡಬ್ಲ್ಯೂಟಿಒ ಇದನ್ನು ತಲೆಕೆಳಗು ಮಾಡಿತು. ಎಲ್ಲರೂ ಸೇರಿ ಬೇಡ ಅಂದರೆ ಮಾತ್ರ ತೀರ್ಪು ಬಿದ್ದುಹೋಗುತ್ತದೆ. ಗೆದ್ದ ದೇಶ ಹಾಗೆ ಅನ್ನುವುದುಂಟೇ? ಮೇಲ್ಮನವಿಗೆ ಏಳು ಜನರ ಮಂಡಳಿಯೂ ಬಂತು. ಆದರೆ ಹೊಸ ಸದಸ್ಯರ ನೇಮಕವನ್ನು ಅಮೆರಿಕ ತಡೆದಿದ್ದರಿಂದ 2019ರ ಡಿಸೆಂಬರ್‌ನಲ್ಲಿ ಆ ಮಂಡಳಿ ನಿಂತುಹೋಯಿತು. ಸೋತವರು ಮೇಲ್ಮನವಿ ಹಾಕಿದರೆ ಸಾಕು, ಕೇಸು ಅಲ್ಲೇ ಕೂರುತ್ತದೆ. ಇದು ನನಗೆ ನಿಜಕ್ಕೂ ಬೇಸರದ ಸಂಗತಿ. ಬಡ ದೇಶಕ್ಕೆ ದೊಡ್ಡ ದೇಶವನ್ನು ಪ್ರಶ್ನಿಸಲು ಇದ್ದ ದಾರಿ ಅದು.

ಒಂದೇ ವಾರ ಇದ್ದರೆ ಗ್ಯಾಟ್ ತಗೊಳ್ಳಿ. ಒಂದು ತಿಂಗಳಿದ್ದರೆ ಡಬ್ಲ್ಯೂಟಿಒ ತಗೊಂಡು ಈ ಮೇಲ್ಮನವಿ ಮಂಡಳಿಯಿಂದಲೇ ಶುರು ಮಾಡಿ.