ಐಎಲ್-6 ಎಲಿಸಾ ಕಿಟ್: ಡಬ್ಬದ ಮೇಲೆ 96, ಕೈಗೆ ಸಿಗುವುದು 38

ತೀರ್ಪನ್ನು ಮೊದಲೇ ಹೇಳಿಬಿಡೋಣ. ಸೋಂಕು, ಸಂಧಿವಾತ, ಶಸ್ತ್ರಚಿಕಿತ್ಸೆಯ ನಂತರದ ಉರಿಯೂತ, ಹೀಗೆ ರಕ್ತದಲ್ಲಿ ಇಂಟರ್‌ಲ್ಯೂಕಿನ್-6 (ಐಎಲ್-6, ಉರಿಯೂತದ ಸಂದೇಶ ಹೊರುವ ಪ್ರೋಟೀನು) ಚೆನ್ನಾಗಿ ಏರಿರುವ ಮಾದರಿಗಳಿದ್ದರೆ, ಪ್ರತಿಕಾಯ ಲೇಪಿಸಿಯೇ ಬರುವ ಮಾಮೂಲಿ ಸ್ಯಾಂಡ್‌ವಿಚ್ ಎಲಿಸಾ ಕಿಟ್ (ಪ್ರೋಟೀನನ್ನು ಎರಡು ಪ್ರತಿಕಾಯಗಳ ನಡುವೆ ಹಿಡಿದು ಬಣ್ಣದಿಂದ ಅಳೆಯುವ ಸಲಕರಣೆ) ಕೊಟ್ಟ ದುಡ್ಡಿಗೆ ಮೋಸ ಮಾಡುವುದಿಲ್ಲ. ಆರೋಗ್ಯವಂತರ ಸೀರಮ್‌ನಲ್ಲಿ ಇರುವ ಮಿಲಿಲೀಟರಿಗೆ ಒಂದೆರಡು ಪಿಕೊಗ್ರಾಂ ವ್ಯತ್ಯಾಸ ಹುಡುಕಲು ಹೊರಟರೆ ಅದೇ ಕಿಟ್ ಕೈಕೊಡುತ್ತದೆ. ಕೈಕೊಟ್ಟದ್ದು ಗೊತ್ತೂ ಆಗುವುದಿಲ್ಲ, ಏಕೆಂದರೆ ಸಾಫ್ಟ್‌ವೇರ್ ಎರಡು ದಶಮಾಂಶ ಹಾಕಿ ಚೊಕ್ಕವಾದ ಸಂಖ್ಯೆಯನ್ನೇ ಅಚ್ಚು ಹಾಕಿರುತ್ತದೆ. ಕಂಪನಿ ಯಾವುದೇ ಇರಲಿ, ಈ ವರ್ಗದ ಕಿಟ್‌ಗಳ ಮೈಕಟ್ಟು ಹೆಚ್ಚೂಕಡಿಮೆ ಒಂದೇ. ಹಾಗಾಗಿ ಇದು ಬ್ರ್ಯಾಂಡಿನ ವಿಮರ್ಶೆಯಲ್ಲ, ಮಾಲಿನ ವಿಮರ್ಶೆ.

ತಂತ್ರ ಹಳೆಯದು. 1971ರಲ್ಲಿ ಸ್ವೀಡನ್ನಿನ ಎಂಗ್ವಾಲ್ ಮತ್ತು ಪೆರ್ಲ್‌ಮನ್ ಹಾಗೂ ನೆದರ್ಲೆಂಡ್ಸ್‌ನ ಇನ್ನೊಂದು ಜೋಡಿ ಬೇರೆಬೇರೆಯಾಗಿ ಇದನ್ನು ಪ್ರಕಟಿಸಿದರು. ಪ್ಲೇಟಿನ ಪುಟ್ಟ ಗುಳಿಯಾದ ವೆಲ್‌ನ ತಳಕ್ಕೆ ಅಂಟಿದ ಪ್ರತಿಕಾಯ ಐಎಲ್-6 ಅಣುವನ್ನು ಒಂದು ಕಡೆ ಹಿಡಿಯುತ್ತದೆ, ಬಯೋಟಿನ್ ಎಂಬ ವಿಟಮಿನ್ ಕಟ್ಟಿದ ಎರಡನೇ ಪ್ರತಿಕಾಯ ಇನ್ನೊಂದು ಕಡೆ ಹಿಡಿಯುತ್ತದೆ, ಅದರ ಮೇಲೆ ಸ್ಟ್ರೆಪ್ಟಾವಿಡಿನ್-ಎಚ್‌ಆರ್‌ಪಿ (ಬಯೋಟಿನ್‌ಗೆ ಅಂಟುವ ಪ್ರೋಟೀನು, ಅದಕ್ಕೆ ಕಟ್ಟಿದ ಬಣ್ಣ ಬರಿಸುವ ಕಿಣ್ವ) ಕೂರುತ್ತದೆ. ಆ ಕಿಣ್ವ ಬಣ್ಣಗೊಳಿಸುವ ಟಿಎಂಬಿ ದ್ರಾವಣ ಹಾಕಿದರೆ ನೀಲಿ, ಗಂಧಕಾಮ್ಲ ಹಾಕಿದರೆ ಹಳದಿ. ಆ ಹಳದಿ ಎಷ್ಟು ಬೆಳಕು ಹೀರುತ್ತದೆ ಎಂಬುದನ್ನು 450 ನ್ಯಾನೊಮೀಟರ್‌ನಲ್ಲಿ ಓದಿ, ಪ್ಲೇಟಿನ ಗೀರು ಮತ್ತು ಮಸುಕನ್ನು ಕಳೆಯಲು 540 ಅಥವಾ 570ರ ಓದನ್ನು ಅದರಿಂದ ಕಳೆಯಬೇಕು. ಈ ಎರಡನೇ ಓದನ್ನು ಬಿಟ್ಟುಬಿಡುವವರು ಬಹಳ ಜನ. ಪ್ಲೇಟಿನ ಅಡಿಯಲ್ಲಿ ಬೆರಳಚ್ಚು ಬಿದ್ದ ವೆಲ್‌ಗಳಲ್ಲಿ ಅದರ ಬೆಲೆ ಗೊತ್ತಾಗುತ್ತದೆ.

ಡಬ್ಬ ತೆರೆದರೆ ಎಂಟೆಂಟು ವೆಲ್‌ಗಳ 12 ಸ್ಟ್ರಿಪ್, ಒಣಪುಡಿಯ ಸ್ಟ್ಯಾಂಡರ್ಡ್ (ಪ್ರಮಾಣ ಗೊತ್ತಿರುವ ಐಎಲ್-6), ತೆಳುಮಾಡುವ ಡೈಲ್ಯೂಯೆಂಟ್, ಪತ್ತೆ ಪ್ರತಿಕಾಯ, ಎಚ್‌ಆರ್‌ಪಿ, ಟಿಎಂಬಿ, ಸ್ಟಾಪ್ ದ್ರಾವಣ (ಆ ಗಂಧಕಾಮ್ಲವೇ), 25 ಪಟ್ಟು ಸಾಂದ್ರವಾದ ವಾಷ್ ಬಫರ್, ಅಂಟುಹಾಳೆಗಳು. ‘96 ಪರೀಕ್ಷೆಗಳು’ ಎಂದು ಬರೆದಿರುವುದನ್ನು ನಂಬಿ ಮಾದರಿಗಳನ್ನು ಲೆಕ್ಕ ಹಾಕಬೇಡಿ. ಸ್ಟ್ಯಾಂಡರ್ಡ್ ಏಳು, ಐಎಲ್-6 ಇಲ್ಲದ ಬ್ಲ್ಯಾಂಕ್ ಒಂದು, ಎಲ್ಲವೂ ಜೋಡಿಯಾಗಿ, ಅಲ್ಲಿಗೆ 16 ವೆಲ್ ಹೋಯಿತು. ಉತ್ತರ ಗೊತ್ತಿರುವ ಎರಡು ಕಂಟ್ರೋಲ್‌ಗಳಿಗೆ ಇನ್ನೂ ನಾಲ್ಕು. ಉಳಿದ 76ರಲ್ಲಿ ಜೋಡಿಯಾಗಿ ಹಾಕಿದರೆ 38 ಮಾದರಿ. ಸ್ಟ್ರಿಪ್ ಬಿಡಿಬಿಡಿಯಾಗಿ ಬರುತ್ತದಲ್ಲ, ಮೂರು ದಿನ ಮಾಡೋಣ ಎಂದರೆ ಪ್ರತಿ ಸಲವೂ 20 ವೆಲ್ ತೆರಿಗೆ. ಆಗ ಕೈಗೆ ಸಿಗುವುದು ಬರೀ 18. ಒಂದೇ ಸಲ ಇಡೀ ಪ್ಲೇಟು ಮುಗಿಸುವಷ್ಟು ಮಾದರಿ ಸೇರುವವರೆಗೆ ಮೈನಸ್ 80 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಟ್ಟು ಕಾಯುವುದೇ ಜಾಣತನ.

ವಾಷ್ ಬಫರ್ ವಿಷಯದಲ್ಲಿ ಮಾತ್ರ ತಯಾರಕರ ಜಿಪುಣತನದ ಬಗ್ಗೆ ತಕರಾರಿದೆ. 20 ಮಿಲಿಲೀಟರ್ ಸಾಂದ್ರ ದ್ರಾವಣ ಕೊಟ್ಟರೆ 500 ಮಿಲಿಲೀಟರ್ ಆಗುತ್ತದೆ. ವೆಲ್‌ಗೆ 400 ಮೈಕ್ರೊಲೀಟರ್‌ನಂತೆ 96 ವೆಲ್ ನಾಲ್ಕು ಸಲ ತೊಳೆದರೆ 153.6 ಮಿಲಿಲೀಟರ್. ಅಂಥ ಮೂರು ಸುತ್ತಿಗೆ 460.8. ಕೈಯಲ್ಲಿ ತೊಳೆದರೆ ಹೇಗೋ ಸಾಲುತ್ತದೆ. ಯಂತ್ರದಲ್ಲಿ ತೊಳೆಯುವವರಿಗೆ ಕೊಳವೆ ತುಂಬಿಸುವಷ್ಟರಲ್ಲೇ ಬಫರ್ ತಳ ಕಂಡಿರುತ್ತದೆ. 0.05% ಟ್ವೀನ್-20 ಮಾರ್ಜಕ ಹಾಕಿದ ಪಿಬಿಎಸ್ (ಫಾಸ್ಫೇಟ್ ಬೆರೆತ ಉಪ್ಪುನೀರಿನ ಬಫರ್) ಸಿದ್ಧ ಮಾಡಿಟ್ಟುಕೊಂಡು, ಅದರಲ್ಲಿ ಕಂಟ್ರೋಲ್ ಸರಿಯಾಗಿ ಬರುತ್ತದೆಯೇ ಎಂದು ಮೊದಲೇ ನೋಡಿಕೊಳ್ಳಿ. ಸೋಡಿಯಂ ಅಜೈಡ್ ಹಾಕಿದ ಬಫರ್ ಹತ್ತಿರವೂ ಸುಳಿಯಬಾರದು, ಅದು ಎಚ್‌ಆರ್‌ಪಿ ಕಿಣ್ವವನ್ನೇ ತಣ್ಣಗೆ ಮಾಡಿಬಿಡುತ್ತದೆ. ಫ್ರಿಜ್ಜಿನಿಂದ ತೆಗೆದ ಸಾಂದ್ರ ಬಾಟಲಿಯ ತಳದಲ್ಲಿ ಹರಳುಗಟ್ಟಿರುವುದು ಮಾಮೂಲು. ಬಿಸುಪಿಗೆ ಇಟ್ಟು ಪೂರ್ತಿ ಕರಗಿಸಿದ ಮೇಲೆಯೇ ಅಳೆಯಿರಿ. ಹರಳು ಬಿಟ್ಟು ಮೇಲಿನ ನೀರಷ್ಟೇ ಹೋದರೆ ಲವಣ ಕಡಿಮೆಯಾಗಿ ಹಿನ್ನೆಲೆ ಬಣ್ಣ ಏರುತ್ತದೆ.

ತೊಳೆಯುವುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು, ಏಕೆಂದರೆ ಈ ಕಿಟ್‌ನಲ್ಲಿ ಕೆಡುವ ಫಲಿತಾಂಶಗಳಲ್ಲಿ ದೊಡ್ಡ ಪಾಲು ಇಲ್ಲಿಯದೇ. ಬಫರ್ ವೆಲ್‌ನ ಅಂಚಿನವರೆಗೆ ತುಂಬಬೇಕು, ಅರ್ಧ ನಿಮಿಷ ಹಾಗೇ ನಿಲ್ಲಬೇಕು, ಆಮೇಲೆ ಪ್ಲೇಟನ್ನು ಸಿಂಕಿಗೆ ಒಂದೇ ಏಟಿಗೆ ಬೋರಲು ಹಾಕಿ, ಮಡಿಸಿದ ಟಿಶ್ಯೂ ಕಾಗದದ ಮೇಲೆ ಗಟ್ಟಿಯಾಗಿ ತಟ್ಟಬೇಕು. ಕೊನೆಯ ತೊಳೆತದ ನಂತರ ಬೆಳಕಿಗೆ ಓರೆಯಾಗಿ ಹಿಡಿದರೆ ಮೂಲೆಯ ವೆಲ್‌ನಲ್ಲಿ ಹನಿ ಕೂತಿರುವುದು ಕಾಣುತ್ತದೆ. ಆ ಹನಿಯಲ್ಲಿ ಕಟ್ಟಿಕೊಳ್ಳದ ಎಚ್‌ಆರ್‌ಪಿ ಉಳಿದಿದ್ದರೆ ಪಕ್ಕದ ಜೋಡಿ ವೆಲ್ 0.30 ಓದುವಾಗ ಇದು 0.55 ಎನ್ನುತ್ತದೆ. ಹಾಗೆಂದು ತಟ್ಟಿ ಒಣಗಲು ಬಿಟ್ಟು ಚಹಾ ಕುಡಿಯಲು ಹೋಗುವುದೂ ಸಲ್ಲ. ಒಣಗಿದ ವೆಲ್‌ನಲ್ಲಿ ಪ್ರತಿಕಾಯದ ಹಿಡಿತ ಕೆಡುತ್ತದೆ. ಮುಂದಿನ ದ್ರಾವಣ ತೊಟ್ಟಿಯಲ್ಲಿ ಸಿದ್ಧವಿಟ್ಟುಕೊಂಡೇ ತೊಳೆಯಲು ಕೈಹಾಕಿ.

ಉಷ್ಣತೆಯ ಕಿತಾಪತಿ ಇನ್ನೊಂದು. ತಣ್ಣಗಿನ ಪ್ಲೇಟಿಗೆ ತಣ್ಣಗಿನ ದ್ರಾವಣ ಹಾಕಿದರೆ ಅಂಚಿನ ವೆಲ್‌ಗಳು ಮೊದಲು ಬೆಚ್ಚಗಾಗಿ, ನಡುವಿನವು ಹಿಂದೆ ಬೀಳುತ್ತವೆ. ಅಂಚೆಲ್ಲ ಗಾಢ, ನಡು ತಿಳಿ. ಎಲ್ಲವೂ ಕೋಣೆಯ ಉಷ್ಣತೆಗೆ ಬರಲಿ, ಫಾಯಿಲ್ ಚೀಲವನ್ನೂ ಅಲ್ಲಿಯವರೆಗೆ ತೆರೆಯಬೇಡಿ, ಒಳಗೆ ತೇವ ಕಟ್ಟುತ್ತದೆ. ಪ್ಲೇಟುಗಳನ್ನು ಒಂದರ ಮೇಲೊಂದು ಪೇರಿಸುವುದೂ ಬೇಡ. ಟಿಎಂಬಿ 20 ನಿಮಿಷದ ಕೆಲಸವಾದರೆ ಒಂಟಿ ಪಿಪೆಟ್‌ನಲ್ಲಿ ಮೊದಲ ವೆಲ್‌ಗೂ ಕೊನೆಯ ವೆಲ್‌ಗೂ ಹಲವು ನಿಮಿಷ ಅಂತರ ಬೀಳುತ್ತದೆ. ಒಂದೇ ಸಲ ಹಲವು ವೆಲ್ ತುಂಬಿಸುವ ಮಲ್ಟಿಚಾನಲ್ ಪಿಪೆಟ್ ಬಳಸಿ, ಸ್ಟಾಪ್ ದ್ರಾವಣವನ್ನು ಅದೇ ಕ್ರಮದಲ್ಲಿ, ಅದೇ ವೇಗದಲ್ಲಿ ಹಾಕಿ. ಹಸಿರು ಛಾಯೆ ಉಳಿದ ವೆಲ್ ಎಂದರೆ ಆಮ್ಲ ಪೂರ್ತಿ ಬೆರೆತಿಲ್ಲ ಎಂದರ್ಥ, ಮೆಲ್ಲಗೆ ತಟ್ಟಿ. ಗುಳ್ಳೆ ಕಂಡರೆ ಶುದ್ಧವಾದ ಸೂಜಿಯಿಂದ ಒಡೆಯಿರಿ. ಅರ್ಧ ಗಂಟೆಯೊಳಗೆ ಓದು ಮುಗಿಯಲಿ.

ಈಗ ಕೈಪಿಡಿ ಹೊಗಳಿಕೊಳ್ಳುವ ‘ಸಂವೇದನೆ’ಗೆ ಬರೋಣ. ಬ್ಲ್ಯಾಂಕ್‌ಗಳನ್ನು ಹಲವು ಸಲ ಓದಿ, ಸರಾಸರಿಗೆ ಎರಡು ಮಾನಕ ವಿಚಲನೆ ಕೂಡಿಸಿ ಬರುವ ಸಂಖ್ಯೆ ಅದು. ‘ಏನೋ ಇದೆ’ ಎನ್ನಬಹುದಾದ ಗಡಿಯೇ ಹೊರತು ‘ಇಷ್ಟಿದೆ’ ಎನ್ನಬಹುದಾದ ಗಡಿಯಲ್ಲ. ಸ್ಟ್ಯಾಂಡರ್ಡ್ ಮಿಲಿಲೀಟರಿಗೆ 300 ಪಿಕೊಗ್ರಾಂನಿಂದ ಅರ್ಧರ್ಧ ಇಳಿದು 4.7ಕ್ಕೆ ಮುಗಿಯುತ್ತದೆ ಎಂದುಕೊಳ್ಳಿ. ಬ್ಲ್ಯಾಂಕ್ 0.060, 4.7ರ ವೆಲ್ 0.095 ಓದಿದರೆ ನಡುವೆ ಇರುವುದು 0.035. ಓದಿನಲ್ಲಿ 0.010 ಆಚೀಚೆಯಾದರೆ, ಅದು ಯಾವ ಪ್ಲೇಟಿನಲ್ಲಾದರೂ ಆಗುವಂಥದ್ದೇ, ಪ್ರಮಾಣದಲ್ಲಿ ಶೇ 29ರಷ್ಟು ತಪ್ಪು. ಜೋಡಿ ವೆಲ್‌ಗಳ ವ್ಯತ್ಯಾಸವನ್ನು ಬರೀ ಓದಿನಲ್ಲಿ ಲೆಕ್ಕ ಹಾಕಿ ‘ಶೇ 8, ಪರವಾಗಿಲ್ಲ’ ಎನ್ನುವವರು ಇಲ್ಲಿ ಮೋಸಹೋಗುತ್ತಾರೆ. ಲೆಕ್ಕ ಪಿಕೊಗ್ರಾಂನಲ್ಲೇ ಆಗಬೇಕು. ಆರೋಗ್ಯವಂತರ ಮಾದರಿಗಳು ಬಹುಪಾಲು ಈ ತಗ್ಗಿನಲ್ಲೇ ಅಥವಾ ಅದಕ್ಕೂ ಕೆಳಗೆ ಬೀಳುತ್ತವೆ. ಅವಕ್ಕೆಲ್ಲ ಸೊನ್ನೆ ತುಂಬಿಸಿ ಸರಾಸರಿ ತೆಗೆದು ರೋಗಿಗಳ ಗುಂಪಿಗೆ ಹೋಲಿಸಿದರೆ ಬರುವ ವ್ಯತ್ಯಾಸದಲ್ಲಿ ಎಷ್ಟು ರೋಗದ್ದು, ಎಷ್ಟು ಕಿಟ್‌ನದ್ದು ಎಂದು ಬಿಡಿಸಲು ಬರುವುದಿಲ್ಲ. ಆ ಕೆಲಸಕ್ಕೆ ಹೈ-ಸೆನ್ಸಿಟಿವಿಟಿ ಕಿಟ್ ಅಥವಾ ಅಣುಗಳನ್ನು ಒಂದೊಂದಾಗಿ ಎಣಿಸುವ ಡಿಜಿಟಲ್ ಎಲಿಸಾ ಬೇಕು. ದುಬಾರಿ, ನಿಜ.

ಸ್ಟ್ಯಾಂಡರ್ಡ್‌ಗಳ ಓದಿನಿಂದ ಎಳೆಯುವ ವಕ್ರರೇಖೆಗೆ ನಾಲ್ಕು ಪ್ಯಾರಾಮೀಟರಿನ ಲಾಜಿಸ್ಟಿಕ್ (ಎಸ್ ಆಕಾರದ) ಹೊಂದಾಣಿಕೆಯೇ ಸರಿ. ಎಕ್ಸೆಲ್‌ನಲ್ಲಿ ಸರಳರೇಖೆ ಎಳೆದು ಹೊಂದಾಣಿಕೆಯ ಅಳತೆಯಾದ ಆರ್-ವರ್ಗ 0.99 ಬಂತೆಂದು ಖುಷಿಪಡಬೇಡಿ, ಮೇಲಿನ ಎರಡು ಬಿಂದುಗಳು ಸಾಕು ಅದನ್ನು ಎತ್ತಿ ಹಿಡಿಯಲು. ಪ್ರತಿ ಸ್ಟ್ಯಾಂಡರ್ಡನ್ನೂ ಅದೇ ರೇಖೆಯಲ್ಲಿ ತಿರುಗಿ ಲೆಕ್ಕ ಹಾಕಿ, ನಿಜ ಮೌಲ್ಯಕ್ಕೆ ಶೇ 20ರೊಳಗೆ, ತೀರಾ ಕೆಳಗಿನದು ಶೇ 25ರೊಳಗೆ ಬಂದಿದೆಯೇ ನೋಡಿ.

ಕೊಂಡ ಮೊದಲ ಕಿಟ್‌ನ ಒಂದಿಷ್ಟು ವೆಲ್‌ಗಳನ್ನು ಸ್ಪೈಕ್ ಪರೀಕ್ಷೆಗೆ, ಅಂದರೆ ಗೊತ್ತಿರುವಷ್ಟು ಐಎಲ್-6 ಬೆರೆಸಿ ಅಷ್ಟೇ ಮರಳಿ ಸಿಗುತ್ತದೆಯೇ ಎಂದು ನೋಡಲು ಮೀಸಲಿಡಿ. 190 ಮೈಕ್ರೊಲೀಟರ್ ಸೀರಮ್‌ಗೆ ಮಿಲಿಲೀಟರಿಗೆ 2,000 ಪಿಕೊಗ್ರಾಂ ಇರುವ ಸ್ಟ್ಯಾಂಡರ್ಡ್ 10 ಮೈಕ್ರೊಲೀಟರ್ ಬೆರೆಸಿದರೆ ಸೇರಿದ್ದು ಮಿಲಿಲೀಟರಿಗೆ 100. ಸ್ಪೈಕ್ ಇಲ್ಲದ ಸೀರಮ್ 20 ಓದಿತ್ತು, ಬೆರೆಸಿದ್ದು 97 ಓದಿತು ಎನ್ನೋಣ. 20 ಎಂಬುದು ಈಗ ಶೇ 5 ತೆಳುವಾಗಿ 19 ಆಗಿದೆ. 97ರಲ್ಲಿ 19 ಕಳೆದರೆ 78, ಅಂದರೆ ಸೇರಿಸಿದ 100ರಲ್ಲಿ ಶೇ 78. ವಾಡಿಕೆಯ ಶೇ 80-120ರ ಗಡಿಯೊಳಗೆ ಬರಲಿಲ್ಲ, ಅಂದರೆ ಸೀರಮ್‌ನಲ್ಲಿ ಏನೋ ಸಂಕೇತವನ್ನು ಅದುಮುತ್ತಿದೆ. ಜೊತೆಗೆ ಐಎಲ್-6 ಹೆಚ್ಚಿರುವ ಒಂದು ಮಾದರಿಯನ್ನು ಎರಡು, ನಾಲ್ಕು, ಎಂಟು ಪಟ್ಟು ತೆಳುಮಾಡಿ ಅಳೆದು ಮತ್ತೆ ಗುಣಿಸಿ. ಎಲ್ಲ ಒಂದೇ ಸಂಖ್ಯೆಗೆ ಬಂದು ನಿಲ್ಲಬೇಕು. ತೆಳುವಾದಷ್ಟೂ ಲೆಕ್ಕ ಏರುತ್ತಾ ಹೋದರೆ ಅಡ್ಡಿಯಿದೆ. ಒಂದೇ ಹೆಜ್ಜೆಯಲ್ಲಿ ಎಲ್ಲವನ್ನೂ ಬೆರೆಸುವ ‘ವೇಗದ’ ಕಿಟ್‌ಗಳಲ್ಲಾದರೆ ಹುಕ್ ಪರಿಣಾಮದ ಅನುಮಾನವೂ ಇರಲಿ: ಐಎಲ್-6 ವಿಪರೀತವಾದಾಗ ಎರಡೂ ಪ್ರತಿಕಾಯಗಳು ಬೇರೆಬೇರೆ ಅಣುಗಳಿಗೆ ಅಂಟಿಕೊಂಡು ಸ್ಯಾಂಡ್‌ವಿಚ್ಚೇ ಆಗುವುದಿಲ್ಲ.

ಕೆಲವರ ರಕ್ತದಲ್ಲಿ, ಕಿಟ್‌ನಲ್ಲಿ ಬಳಸುವಂಥ ಇಲಿಯ ಪ್ರತಿಕಾಯಗಳಿಗೆ ಅಂಟುವ ಪ್ರತಿಕಾಯಗಳಿರುತ್ತವೆ. ಐಎಲ್-6 ಇಲ್ಲದೆಯೇ ಅವು ಕಿಟ್‌ನ ಎರಡೂ ಪ್ರತಿಕಾಯಗಳಿಗೆ ಸೇತುವೆಯಾಗಿ ನಿಂತು ಬಣ್ಣ ಬರಿಸುತ್ತವೆ. ಸಂಧಿವಾತದ ಮಾದರಿಗಳಲ್ಲಿ ರುಮಟಾಯ್ಡ್ ಫ್ಯಾಕ್ಟರ್ ಎಂಬ ಪ್ರತಿಕಾಯ ಕೂಡ ಇದೇ ಆಟ ಆಡುತ್ತದೆ. ಡೈಲ್ಯೂಯೆಂಟ್‌ನಲ್ಲಿ ಇದನ್ನು ತಡೆಯುವ ಇಮ್ಯುನೊಗ್ಲೋಬುಲಿನ್ ಇದೆಯೇ ಎಂದು ಕೊಳ್ಳುವ ಮೊದಲೇ ಕೇಳಿ. ಮಾದರಿ ಕೊಟ್ಟವರು ನುಂಗಿದ ಬಯೋಟಿನ್ ಮಾತ್ರೆ ಅಡ್ಡಿಯಾದೀತೆಂಬ ಭಯ ಈ ಕಿಟ್‌ಗೆ ಅಷ್ಟಿಲ್ಲ. ಸ್ಟ್ರೆಪ್ಟಾವಿಡಿನ್ ಬರುವ ಹೊತ್ತಿಗೆ ಸೀರಮ್ ತೊಳೆದು ಹೋಗಿರುತ್ತದೆ. ಸ್ಟ್ರೆಪ್ಟಾವಿಡಿನ್ ಪ್ಲೇಟಿನಲ್ಲೇ ಇರುವ ವಿನ್ಯಾಸದಲ್ಲಿ ಮಾತ್ರ ಹುಷಾರು. ಅಮೆರಿಕದ ಎಫ್‌ಡಿಎ 2017ರಲ್ಲಿ ಬಯೋಟಿನ್ ಬಗ್ಗೆ ಎಚ್ಚರಿಸಿದ್ದು ಇಂಥ ಅಡ್ಡಿಯನ್ನು ನೋಡಿಯೇ.

ಕಿಟ್ ಎಷ್ಟೇ ಒಳ್ಳೆಯದಾದರೂ ರಕ್ತ ತೆಗೆದ ಕೈ ಸರಿಯಿಲ್ಲದಿದ್ದರೆ ಕೆಲಸ ಕೆಟ್ಟಿತು. ರಕ್ತ ಹೆಪ್ಪುಗಟ್ಟಲು ಅರ್ಧ ಗಂಟೆ, ಸೆಂಟ್ರಿಫ್ಯೂಜಿನಲ್ಲಿ 1,000 ಜಿ ಬಲದಲ್ಲಿ 15 ನಿಮಿಷ ತಿರುಗಿಸಿ, ಸೀರಮನ್ನು ಸಣ್ಣಸಣ್ಣ ಪಾಲು ಮಾಡಿ ಮೈನಸ್ 80ಕ್ಕೆ. ಬೇರ್ಪಡಿಸದೆ ಮೇಜಿನ ಮೇಲೆ ಬಿಟ್ಟರೆ ಬಿಳಿರಕ್ತಕಣಗಳು ಟ್ಯೂಬಿನಲ್ಲೇ ಐಎಲ್-6ರಂಥ ಸೈಟೊಕೈನ್ ಸುರಿಸಬಲ್ಲವು. ಹೆಪ್ಪು ತಡೆಯುವ ಸಿಟ್ರೇಟ್ ಟ್ಯೂಬಿನಲ್ಲಿ ಒಂಬತ್ತು ಪಾಲು ರಕ್ತಕ್ಕೆ ಒಂದು ಪಾಲು ದ್ರವ ಇರುವುದರಿಂದ ಪ್ಲಾಸ್ಮಾ ತೆಳುವಾಗಿರುತ್ತದೆ. ಸೀರಮ್, ಇಡಿಟಿಎ, ಸಿಟ್ರೇಟ್ ಮೂರನ್ನೂ ಒಂದೇ ಅಧ್ಯಯನದಲ್ಲಿ ಬೆರಸಬೇಡಿ. ಮಾದರಿ ಕೊಡುವ ಮುನ್ನ ಮಾಡಿದ ಕಠಿಣ ವ್ಯಾಯಾಮವೂ ಐಎಲ್-6 ಏರಿಸುತ್ತದೆ, ಸ್ನಾಯುವೇ ಅದನ್ನು ಬಿಡುಗಡೆ ಮಾಡುತ್ತದೆ.

ಸಂಖ್ಯೆ ಸರಿಯಾಗಿ ಬಂದ ಮೇಲೂ ಅರ್ಥ ತಪ್ಪಬಹುದು. ಐಎಲ್-6 ತನ್ನ ಗ್ರಾಹಿಗೆ ಅಂಟಿ, ಜಿಪಿ130, ಸ್ಟ್ಯಾಟ್3 ಎಂಬ ಸಂಕೇತವಾಹಕ ಪ್ರೋಟೀನುಗಳನ್ನು ಎಬ್ಬಿಸಿ, ಯಕೃತ್ತು ಸಿಆರ್‌ಪಿ (ಉರಿಯೂತದ ಗುರುತಾದ ಪ್ರೋಟೀನು) ತಯಾರಿಸುವಂತೆ ಮಾಡುತ್ತದೆ. ಟೊಸಿಲಿಜುಮ್ಯಾಬ್ ಆ ಗ್ರಾಹಿಯನ್ನೇ ಮುಚ್ಚುವ ಔಷಧ. ಗ್ರಾಹಿಯ ಮೂಲಕ ಆಗಬೇಕಿದ್ದ ವಿಲೇವಾರಿ ನಿಂತು ಸೀರಮ್‌ನಲ್ಲಿ ಐಎಲ್-6 ಏರುತ್ತದೆ, ಸಿಆರ್‌ಪಿ ಇಳಿಯುತ್ತದೆ, ರೋಗಿ ಸುಧಾರಿಸುತ್ತಿರುತ್ತಾನೆ. ಎಲಿಸಾ ಹಾಳೆ ಮಾತ್ರ ನೋಡಿದವರಿಗೆ ರೋಗ ಉಲ್ಬಣಿಸಿದಂತೆ ಕಾಣುತ್ತದೆ. ಕಿಟ್ ಬರೀ ಬಿಡಿ ಐಎಲ್-6 ಹಿಡಿಯುತ್ತದೆಯೋ, ಕರಗಿದ ಗ್ರಾಹಿಗೆ ಅಂಟಿಕೊಂಡದ್ದನ್ನೂ ಹಿಡಿಯುತ್ತದೆಯೋ ಎಂಬ ಸಾಲು ಕೈಪಿಡಿಯಲ್ಲಿ ಇರಲೇಬೇಕು. ಇಲ್ಲದ ಕಿಟ್ ಕೊಳ್ಳಬೇಡಿ.

ಎರಡು ಕಂಪನಿಗಳ ಕಿಟ್ ಒಂದೇ ಮಾದರಿಗೆ ಬೇರೆ ಬೇರೆ ಸಂಖ್ಯೆ ಕೊಡುವುದು ಸಾಮಾನ್ಯ. ಐಎಲ್-6ಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ಅಂತರರಾಷ್ಟ್ರೀಯ ಮಾನಕ ಇದೆ, ಮೊದಲನೆಯದರ ಸಂಕೇತ 89/548. ಅದಕ್ಕೆ ಪರಿವರ್ತನೆಯ ಅಂಕ ಕೊಟ್ಟಿರುವ ಕೈಪಿಡಿಗೆ ಒಂದು ಅಂಕ ಹೆಚ್ಚು. ಅದೇ ಕಂಪನಿಯ ಲಾಟ್ ಬದಲಾದಾಗಲೂ ಎಚ್ಚರ ಬೇಕು. ದೊಡ್ಡ ಅಧ್ಯಯನಕ್ಕೆ ಬೇಕಾದಷ್ಟು ಪ್ಲೇಟನ್ನು ಒಂದೇ ಲಾಟ್‌ನಲ್ಲಿ ತರಿಸಿ. ಆಗದಿದ್ದರೆ ಕಡಿಮೆ, ನಡು, ಹೆಚ್ಚು ಐಎಲ್-6 ಇರುವ ಸೀರಮ್ ಕೂಡಿಸಿ ಮೂರು ಪೂಲ್ ಮಾಡಿ, ಒಂದೊಂದು ಸಲಕ್ಕೆ ಸಾಕಾಗುವ ಪಾಲುಗಳಾಗಿ ಮೈನಸ್ 80ರಲ್ಲಿ ಇಟ್ಟು, ಹಳೆಯ ಲಾಟ್‌ನ ಕೊನೆಯ ಪ್ಲೇಟಿನಲ್ಲೂ ಹೊಸ ಲಾಟ್‌ನ ಮೊದಲ ಪ್ಲೇಟಿನಲ್ಲೂ ಅವನ್ನೇ ಓಡಿಸಿ. ಮೂರೂ ಒಂದೇ ಪ್ರಮಾಣದಲ್ಲಿ ಸರಿದಿದ್ದರೆ ಸ್ಟ್ಯಾಂಡರ್ಡ್ ಬದಲಾಗಿದೆ. ಕಡಿಮೆಯದು ಮಾತ್ರ ಸರಿದಿದ್ದರೆ ಹಿನ್ನೆಲೆ ಬದಲಾಗಿದೆ, ಆ ಲಾಟನ್ನು ವಾಪಸ್ ಕಳಿಸಿ.