ಏರ್ ರೈಫಲ್‌ಗೆ ಎರಡು ತುಂಡಿನ ಮೌಂಟೋ, ಒಂದೇ ತುಂಡಿನದ್ದೋ?

ಮೊದಲೇ ಹೇಳಿಬಿಡುತ್ತೇನೆ: ಸ್ಪ್ರಿಂಗ್ ಗನ್ನಾದರೆ (ಒಳಗಿನ ಸ್ಪ್ರಿಂಗ್ ಪಿಸ್ಟನ್ ತಳ್ಳಿ ಹೊಡೆಯುವಂಥದ್ದು) ಒಂದೇ ತುಂಡಿನ ಮೌಂಟ್ ತೆಗೆದುಕೊಳ್ಳಿ. ಮೌಂಟ್ ಅಂದರೆ ಸ್ಕೋಪನ್ನು, ಅಂದರೆ ಗುರಿ ನೋಡುವ ದುರ್ಬೀನನ್ನು, ಗನ್ನಿನ ಮೇಲೆ ಹಿಡಿದು ಕೂರಿಸುವ ಕ್ಲ್ಯಾಂಪು. ಒಂದೇ ತುಂಡಿನದ್ದಕ್ಕೆ 1,200 ರೂಪಾಯಿ ಕೊಡಲು ಮನಸ್ಸು ಬಾರದೆ ನಾನು 450ರ ಎರಡು ತುಂಡಿನದ್ದು ತಂದೆ. ಈಗ ಎರಡಕ್ಕೂ ದುಡ್ಡು ಕೊಟ್ಟಾಯಿತು.

ನನ್ನದು 4.5 ಮಿ.ಮೀ. ರೈಫಲ್. 20 ಜೂಲ್ ಒಳಗಿನದ್ದು, ಹಾಗಾಗಿ ಲೈಸೆನ್ಸಿನ ಗೋಜಿಲ್ಲ. ಅಪ್ಪಯ್ಯನ ತೋಟದ ಕೋವಿಯ ಹಾಗೆ ಚುನಾವಣೆ ಬಂದಾಗಲೆಲ್ಲ ಠಾಣೆಗೆ ಹೊತ್ತುಕೊಂಡು ಹೋಗುವ ಕೆಲಸವೂ ಇಲ್ಲ. ಮಂಗ, ಹಕ್ಕಿಯ ತಂಟೆಗೆ ಹೋಗುವವನಲ್ಲ ನಾನು. ಜಗಲಿಯಿಂದ 10 ಮೀಟರ್ ಅಳೆದು, ಮರಳು ಚೀಲಕ್ಕೆ ಕಾಗದ ಅಂಟಿಸಿ ಹೊಡೆಯುತ್ತೇನೆ, ಅಷ್ಟೆ. (ಚಿರೇಕಲ್ಲಿನ ಗೋಡೆಗೆ ನೇರ ಹೊಡೆಯಬೇಡಿ, ಪೆಲೆಟ್ ವಾಪಸ್ ಬರುತ್ತದೆ.)

ಜೂನ್‌ನಲ್ಲಿ ಸ್ಕೋಪ್ ಕೂರಿಸಿದೆ. ಮೊದಲ ದಿನ ಐದು ಪೆಲೆಟ್ ಒಂದು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ. ಮೂರನೇ ದಿನ ಎಲ್ಲವೂ ಎಡಕ್ಕೆ, ಕೆಳಗೆ. ನನ್ನ ಸ್ಕೋಪಿನ ಗುರಿ ಹೊಂದಿಸುವ ತಿರುಗುಗುಂಡಿಯ ಒಂದು ಕ್ಲಿಕ್ ಅಂದರೆ 10 ಮೀಟರ್‌ನಲ್ಲಿ ಮುಕ್ಕಾಲು ಮಿಲಿಮೀಟರ್ ಕೂಡ ಸರಿಯುವುದಿಲ್ಲ. 20 ಕ್ಲಿಕ್ ತಿರುಗಿಸಿ ಸರಿ ಮಾಡಿದೆ. ಮರುದಿನ ಮತ್ತೆ ಅದೇ ಕಥೆ. ಪೆಲೆಟ್ ಬದಲಿಸಿದೆ, ಉಸಿರು ಹಿಡಿದು ನೋಡಿದೆ, ಕಣ್ಣಿಗೆ ವಯಸ್ಸಾಯಿತು ಅಂತಲೂ ಅನಿಸಿತು. ಆಮೇಲೆ ಒಂದು ಸಂಜೆ ಸ್ಕೋಪಿನ ಅಂಚು ಹುಬ್ಬಿಗೆ ತಾಗಿತು. ಒಳಗಿನಿಂದ ಅಪ್ಪಯ್ಯ, “ಎಂತ ಆತೋ ತಮಾ?” ಅಂದ.

ಹೆಂಡತಿಯ ನೇಲ್ ಪಾಲಿಶ್ ತಂದು, ಮೌಂಟ್ ಮತ್ತು ಗನ್ ಎರಡಕ್ಕೂ ಸೇರಿಸಿ ಒಂದು ಕೆಂಪು ಗೆರೆ ಎಳೆದೆ. 40 ಪೆಲೆಟ್ ಹೊಡೆದು ನೋಡಿದರೆ, ಮೌಂಟಿನ ಮೇಲಿನ ಗೆರೆ 3 ಮಿ.ಮೀ. ನನ್ನ ಕಡೆಗೆ ಬಂದಿತ್ತು.

ಸ್ಪ್ರಿಂಗ್ ಗನ್ನಿನ ಒದೆತ ಎರಡು ಕಡೆಗೆ. ಒಳಗಿನ ಪಿಸ್ಟನ್ ಮುಂದೆ ನುಗ್ಗುವಾಗ ಗನ್ ಹಿಂದಕ್ಕೆ ಬರುತ್ತದೆ. ಪಿಸ್ಟನ್ ತುದಿಗೆ ಬಡಿದು ನಿಂತ ಕೂಡಲೇ ಗನ್ ಮುಂದಕ್ಕೆ ಜಗ್ಗುತ್ತದೆ, ಅದೂ ಜೋರಾಗಿ. ಭಾರದ ಸ್ಕೋಪ್ ಇದ್ದಲ್ಲೇ ಇರಲು ನೋಡುತ್ತದೆ. ಅಡಿಯಿಂದ ಗನ್ ಮುಂದೆ ಹೋದರೆ ಮೌಂಟ್ ಹಿಂದೆ ಜಾರಲೇಬೇಕಲ್ವಾ? ಅದರ ಮೇಲೆ ಶಿರಸಿಯ ಮಳೆ. ತುಕ್ಕು ಹಿಡಿದೀತೆಂದು ವಾರಕ್ಕೊಮ್ಮೆ ಹೊಲಿಗೆ ಮಿಷಿನ್ ಎಣ್ಣೆ ಸವರುತ್ತಿದ್ದೆ. ಮೌಂಟ್ ಕಚ್ಚಿಕೊಳ್ಳುವ 11 ಮಿ.ಮೀ. ಡವ್‌ಟೇಲ್ ಸಂದಿಗೂ ಧಾರಾಳವಾಗಿ. ಜಾರುಬಂಡೆ ನಾನೇ ಮಾಡಿಕೊಟ್ಟಿದ್ದೆ.

ಮಾರಿದವರಿಗೆ ಫೋನ್ ಮಾಡಿದರೆ “ಇನ್ನೂ ಟೈಟ್ ಮಾಡಿ ಸರ್” ಎಂದರು. ಮಾಡಿದೆ, ಅಲೆನ್ ಸ್ಕ್ರೂವಿನ ತಲೆ ಸವೆದುಹೋಯಿತು. ಸೈಕಲ್ ಟ್ಯೂಬಿನ ಚೂರು ಅಡಿಗೆ ಇಟ್ಟೆ, ಜಾರುವುದು ಇನ್ನೂ ಜಾಸ್ತಿಯಾಯಿತು. ಪೆಟ್ರೋಲ್ ಹಾಕಿ ಎಣ್ಣೆ ಒರೆಸಿದ್ದೊಂದೇ ಸ್ವಲ್ಪ ಕೆಲಸ ಮಾಡಿತು, ಎಂಟು ದಿನ.

ಕೊನೆಗೆ ತಂದ ಒಂದೇ ತುಂಡಿನ ಮೌಂಟಿಗೆ ಅಡಿಯಲ್ಲಿ ಒಂದು ಪಿನ್ ಇದೆ. ನನ್ನ ಗನ್ನಿನ ಮೇಲೆ, ಹಿಂದುಗಡೆ, ಒಂದು ಸಣ್ಣ ತೂತು ಇತ್ತು. ಅದು ಯಾಕೆ ಅಂತ ಎರಡು ವರ್ಷ ಗೊತ್ತಿರಲಿಲ್ಲ. ಪಿನ್ನು ಕೂರುವುದು ಅದರಲ್ಲೇ! 500 ಪೆಲೆಟ್ ಆಯಿತು, ಕೆಂಪು ಗೆರೆ ಕದಲಿಲ್ಲ. ಒಂದು ಕಿರಿಕಿರಿ ಇದೆ: ಮೌಂಟ್ ಎಲ್ಲಿ ಕೂರಬೇಕು ಅನ್ನುವುದನ್ನು ಪಿನ್ನೇ ಹೇಳುತ್ತದೆ. ಕಣ್ಣಿಗೆ ಹೊಂದಿಸಲು ರಿಂಗ್ ಸಡಿಲಿಸಿ ಸ್ಕೋಪನ್ನೇ ಸರಿಸಬೇಕು. ನಾನೊಮ್ಮೆ ಕೂರಿಸಿದರೆ ಮತ್ತೆ ಮುಟ್ಟುವವನಲ್ಲ, ನನಗೆ ಸಾಕು.

ಪಿಕಾಟಿನ್ನಿ ಅಡಾಪ್ಟರನ್ನೂ (ಬೇರೆ ನಮೂನೆಯ, ಅಗಲದ ಮೌಂಟ್ ಕೂರಿಸಲು ಡವ್‌ಟೇಲ್ ಮೇಲೆ ಹಾಕುವ ಪಟ್ಟಿ) ನೋಡಿದೆ. ಸ್ಕೋಪ್ ಎತ್ತರಕ್ಕೆ ಹೋಗಿ ಗನ್ನಿನ ಹಿಂದಿನ ಮರದ ಭಾಗಕ್ಕೆ ಕೆನ್ನೆಯ ಬದಲು ಗದ್ದ ತಾಗುತ್ತದೆ. ಬೇಡ.

ಇನ್ನು ಗನ್ ಹಿಡಿದುಕೊಳ್ಳುವ ಹಿಡಿಯ ವಿಷಯ. ಮುಂದೆ ಕೆಳಕ್ಕೆ ಇಳಿಬಿಡುವ ಪ್ಲಾಸ್ಟಿಕ್ ಹಿಡಿ ನೋಡಲು ಚೆಂದ, ಆದರೆ ಸ್ಪ್ರಿಂಗ್ ಗನ್ನನ್ನು ಬಿಗಿಯಾಗಿ ಹಿಡಿದಷ್ಟೂ ಪೆಲೆಟ್ ಚದುರುತ್ತದೆ. ಅಂಗೈ ಮೇಲೆ ಸುಮ್ನೆ ಇಟ್ಟುಕೊಳ್ಳಬೇಕು. ನನಗೆ ಬೇಕಿದ್ದದ್ದು ಬಲಗೈ ಬೆವರಿಗೆ ಜಾರದ ಹಾಗೆ ಏನಾದರೊಂದು, ಅಷ್ಟೆ. ಬ್ಯಾಡ್ಮಿಂಟನ್ ರಾಕೆಟ್ಟಿನ ಟವೆಲ್ ಗ್ರಿಪ್ ಸುತ್ತಿದೆ. ಜುಲೈನಲ್ಲಿ ಬೂಷ್ಟು ಹಿಡಿದು ಒದ್ದೆ ಕಂಬಳಿಯ ವಾಸನೆ. ಅದನ್ನು ಕಿತ್ತು ಅದೇ ಅಂಗಡಿಯ ತೆಳು ರಬ್ಬರಿನಂಥದ್ದು ಸುತ್ತಿದೆ, 120 ರೂಪಾಯಿ. ಎರಡು ತಿಂಗಳಿಗೆ ಅಂಟಂಟಾಗುತ್ತದೆ. ಆದರೂ ಇದೇ ಸೈ.

ಎರಡು ತುಂಡಿನ ಮೌಂಟನ್ನು ಕುಮಟಾದ ಭಾವನಿಗೆ ಕೊಟ್ಟೆ. ಅವನದ್ದು ತುಂಬಿದ ಗಾಳಿಯಿಂದ ಹೊಡೆಯುವ ಪಿಸಿಪಿ, ಒಳಗೆ ಬಡಿಯುವ ಪಿಸ್ಟನ್ನೇ ಇಲ್ಲ. ಅಲ್ಲಿ ಅದು ಅಲ್ಲಾಡದೆ ಕೂತಿದೆ. ಸವೆದ ಸ್ಕ್ರೂ ಮಾತ್ರ ಹೊಸದು ಹಾಕಿಸಿಕೊಂಡ, ನನ್ನ ಖರ್ಚಿನಲ್ಲಿ.