ಎಕ್ಸ್‌ಪರೆಲ್: ಮೂರು ದಿನದ ಮಾತು, ಮುನ್ನೂರು ಡಾಲರ್‌ಗೂ ಮೀರಿದ ಬೆಲೆ

ಆಪರೇಷನ್ ಗಾಯವನ್ನು ಎರಡು-ಮೂರು ದಿನ ಮರಗಟ್ಟಿಸಿಟ್ಟರೆ ಓಪಿಯಾಯ್ಡ್ (ಮಾರ್ಫಿನ್ ಬಗೆಯ ನೋವುನಿವಾರಕ) ಮಾತ್ರೆಗಳ ಹಂಗು ತಪ್ಪೀತು ಎಂಬ ಆಸೆಗೆ ಅಮೆರಿಕದ ಪಸೀರಾ ಕಂಪನಿ 2011ರಲ್ಲಿ ಕೊಟ್ಟ ಉತ್ತರ ಎಕ್ಸ್‌ಪರೆಲ್. ಮದ್ದು ಮರಗಟ್ಟಿಸುವ ಹಳೆಯ ಬುಪಿವಕೇನೇ. ಅದನ್ನು ಲೈಪೋಸೋಮ್ ಎಂಬ ಕೊಬ್ಬಿನ ಸೂಕ್ಷ್ಮ ಗುಳ್ಳೆಗಳಲ್ಲಿ ತುಂಬಿದ್ದಾರೆ, ನಿಧಾನವಾಗಿ ಸೋರಲಿ ಎಂದು. ಕಲ್ಪನೆ ಸೊಗಸಾಗಿದೆ, ಬಳಸಲು ಹೊರಟರೆ ಮಾತ್ರ ಭಾರಿ ನಾಜೂಕು.

20 ಮಿ.ಲೀ. ಬಾಟಲಿಯಲ್ಲಿ 266 ಮಿ.ಗ್ರಾಂ. ಇರುತ್ತದೆ, ವಯಸ್ಕರಿಗೆ ಅದೇ ಗರಿಷ್ಠ. 2ರಿಂದ 8 ಡಿಗ್ರಿಯ ಫ್ರಿಜ್‌ನಲ್ಲಿಡಬೇಕು, ಹೆಪ್ಪುಗಟ್ಟಿದ್ದನ್ನು ಬಳಸುವಂತಿಲ್ಲ. ಗುಳ್ಳೆಗಳು ತಳಕ್ಕಿಳಿದಿರುತ್ತವೆ, ಆದ್ದರಿಂದ ಸಿರಿಂಜ್‌ಗೆ ಎಳೆಯುವ ಮುಂಚೆ ಬಾಟಲಿಯನ್ನು ಹಲವು ಸಲ ತಲೆಕೆಳಗು ಮಾಡಬೇಕು. ಸೂಜಿ 25 ಗೇಜ್ ಅಥವಾ ಅದಕ್ಕಿಂತ ದಪ್ಪ. ಗಾಯ ದೊಡ್ಡದಾದರೆ ನಾರ್ಮಲ್ ಸಲೈನ್ ಅಥವಾ ರಿಂಗರ್ ಲ್ಯಾಕ್ಟೇಟ್ ಬೆರೆಸಿ, 4 ಗಂಟೆಯೊಳಗೆ ಮುಗಿಸಬೇಕು. ಬರೀ ನೀರು ಬೆರೆಸಿದರೆ ಗುಳ್ಳೆ ಒಡೆಯುತ್ತದೆ. ಈ ದ್ರವ ಸಾದಾ ಮದ್ದಿನ ಹಾಗೆ ತಾನಾಗಿ ಹರಡುವುದಿಲ್ಲ. ಒಂದೇ ಕಡೆ ಸುರಿದು ಕೈತೊಳೆದುಕೊಂಡರೆ ಪಕ್ಕದ ಅಂಗುಲ ನೋಯುತ್ತಲೇ ಇರುತ್ತದೆ. ಪದರ ಪದರಕ್ಕೂ ಸ್ವಲ್ಪ ಸ್ವಲ್ಪ ಚುಚ್ಚಬೇಕು.

ಎಡವಟ್ಟಾಗುವುದು ಬೇಗ ಮರಗಟ್ಟಿಸುವ ಇನ್ನೊಂದು ಮದ್ದಾದ ಲಿಗ್ನೊಕೇನ್‌ನಿಂದ. ಚರ್ಮಕ್ಕೆ ಅದನ್ನು ಕೊಟ್ಟ ಕೂಡಲೇ ಅದೇ ಜಾಗಕ್ಕೆ ಎಕ್ಸ್‌ಪರೆಲ್ ಹಾಕಿದರೆ ಬುಪಿವಕೇನ್ ಒಮ್ಮೆಲೇ ಹೊರಬರುತ್ತದೆ. ಕನಿಷ್ಠ 20 ನಿಮಿಷ ಬಿಡಬೇಕು. ಗುಳ್ಳೆಯ ಹೊರಗೆ ಬಿಡಿಯಾಗಿರುವ ಮದ್ದು ಸುಮಾರು ಶೇ. 3 ಮಾತ್ರ, ಹಾಗಾಗಿ ಮೊದಲ ಗಂಟೆಗಳ ನೋವಿಗೆ ಸಾದಾ ಬುಪಿವಕೇನ್ ಸೇರಿಸುವುದು ರೂಢಿ. ಮಿ.ಗ್ರಾಂ. ಲೆಕ್ಕದಲ್ಲಿ ಅದು ಎಕ್ಸ್‌ಪರೆಲ್‌ನ ಅರ್ಧ ಮೀರಬಾರದು. ಮುಂದಿನ 96 ಗಂಟೆ ಬೇರೆ ಲೋಕಲ್ ಅನಸ್ತೇಷಿಯಾ ಕೊಡುವಂತಿಲ್ಲ. ಮರುದಿನ ಮತ್ತೆ ಆಪರೇಷನ್ ಬಂದರೆ ಈ ವಿಷಯ ಕೇಸ್ ಶೀಟಿನಲ್ಲಿ ಎದ್ದು ಕಾಣುವಂತಿರಬೇಕು.

ಇಷ್ಟೆಲ್ಲ ಮಾಡಿ ಲಾಭವೆಷ್ಟು? ಮೂಲವ್ಯಾಧಿ ಆಪರೇಷನ್‌ನಲ್ಲಿ ಇದನ್ನು ತೂಗಿ ನೋಡಿ ಅನುಮತಿ ಪಡೆದದ್ದು ಪ್ಲಸೀಬೊ (ಮದ್ದಿಲ್ಲದ ಹುಸಿ ಚುಚ್ಚುಮದ್ದು) ಎದುರು, ಸಾದಾ ಬುಪಿವಕೇನ್ ಎದುರಲ್ಲ. 2021ರಲ್ಲಿ 'ಅನಸ್ತೇಷಿಯಾಲಜಿ' ಪತ್ರಿಕೆ ನರ್ವ್ ಬ್ಲಾಕ್‌ನ (ನರದ ಸುತ್ತ ಮದ್ದು ಚುಚ್ಚಿ ಮರಗಟ್ಟಿಸುವುದು) 9 ಪ್ರಯೋಗಗಳನ್ನು, 619 ರೋಗಿಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆ ಪ್ರಕಟಿಸಿತು. 24ರಿಂದ 72 ಗಂಟೆಯವರೆಗಿನ ನೋವಿನ ಒಟ್ಟು ಅಂಕದಲ್ಲಿ ಎಕ್ಸ್‌ಪರೆಲ್ ಮತ್ತು ಸಾದಾ ಬುಪಿವಕೇನ್ ನಡುವಿನ ಅಂತರ 1. ರೋಗಿಗೆ ಅರ್ಥಪೂರ್ಣ ಎನ್ನಲು ಅವರಿಟ್ಟ ಗೆರೆ 2. ಕಂಪನಿ ಹಣದ ಒಂದು ಪ್ರಯೋಗ ಕೈಬಿಟ್ಟರೆ ಆ 1 ಕೂಡ ನಿಲ್ಲಲಿಲ್ಲ. ಈ ಲೇಖನದ ವಿರುದ್ಧ ಪಸೀರಾ ಕೋರ್ಟಿಗೆ ಹೋಯಿತು, 2022ರಲ್ಲಿ ದಾವೆ ವಜಾ ಆಯಿತು, 2023ರ ಮೇಲ್ಮನವಿಯೂ ಬಿತ್ತು. ಮದ್ದಿನ ವಾದವನ್ನು ವಕೀಲರ ಕೈಗೆ ಕೊಟ್ಟದ್ದು ಜಾಹೀರಾತಿಗಿಂತ ಹೆಚ್ಚು ಹೇಳಿತು.

ಭುಜದ ಆಪರೇಷನ್ ಮುಗಿಸಿ ಅಂದೇ ಮನೆಗೆ ಹೋಗುವವರಿಗೆ, ಕ್ಯಾತಿಟರ್ (ನರದ ಬಳಿ ಮದ್ದು ಹರಿಸುವ ಸಣ್ಣ ಕೊಳವೆ) ನೋಡಿಕೊಳ್ಳಲು ಜನ ಇಲ್ಲದ ಕಡೆ, 133 ಮಿ.ಗ್ರಾಂ. ಬ್ಲಾಕ್ ಪರಿಗಣಿಸಬಹುದು. ಉಳಿದಂತೆ ಕೆಲವೇ ಡಾಲರ್‌ನ ಸಾದಾ ಬುಪಿವಕೇನ್‌ಗೆ ಡೆಕ್ಸಾಮೆಥಸೋನ್ ಎಂಬ ಸ್ಟೀರಾಯ್ಡ್ ಜತೆ ಮಾಡಿ, ಅಥವಾ ಕ್ಯಾತಿಟರ್ ಇಡಿ. ಯಾವುದನ್ನೇ ಕೊಟ್ಟರೂ ಮದ್ದು ರಕ್ತಕ್ಕೇರಿ ವಿಷವಾದರೆ ಕೊಡುವ ಶೇ. 20ರ ಲಿಪಿಡ್ ಎಮಲ್ಷನ್ ಕೈಗೆಟುಕುವಲ್ಲಿರಲಿ.